ಹೂ ಬಿಡುವ ಕಾಲ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯವರಿಗೆ ಸೀತಾಳೆ ದಂಡೆಯ ಪರಿಚಯವನ್ನು ನಾನು ಮಾಡಿಕೊಡಬೇಕಾದುದಿಲ್ಲ. ಮುಂಗಾರಿನ ಹೊಸ್ತಿಲಲ್ಲಿ ಮರದ ಕೊಂಬೆಯಿಂದ ಇಳಿಬಿದ್ದು ಹೆಣ್ಣುಮಕ್ಕಳ ಮುಡಿಯೇರುವ ಹೂವದು. ಆರ್ಕಿಡ್ ಕುಲದ ಈ ಗಿಡ ಬಂದಳಿಕೆಯಂತೆ ಮರದ ರಸವನ್ನು ಹೀರದು, ಆಸರೆಯನ್ನಷ್ಟೇ ಬೇಡುತ್ತದೆ. ಅದೇ ಕುಲದ ವೆನಿಲ್ಲಾ ಬಳ್ಳಿ ನಮ್ಮ ಅಡಿಕೆ ತೋಟಗಳನ್ನು ಹೊಕ್ಕಿದ್ದು, 2003ರ ಸುಮಾರಿಗೆ ಅದರ ಹಸಿ ಕಾಯಿಯ ಧಾರಣೆ ಕಿಲೋಗೆ ಸಾವಿರಾರು ರೂಪಾಯಿಗೇರಿ ಬಳಿಕ ನೆಲ ಕಚ್ಚಿದ್ದು ನಿಮಗೆ ನೆನಪಿದ್ದೀತು. ಧಾರಣೆಯ ಮಾತು ಹಾಗಿರಲಿ. ಬಳ್ಳಿಯೇನೋ ಸೊಂಪಾಗಿದೆ, ಹೂವೇಕೆ ಇಲ್ಲ?

ಗೊಬ್ಬರ ಸಾಲದೆಂದು ಇನ್ನೊಂದು ಬುಟ್ಟಿ ಸುರಿಯುವವರುಂಟು. ತೊಡಕಿರುವುದೇ ಅಲ್ಲಿ. ಸಾರಜನಕವು ಎಲೆಯ ಪಕ್ಷಪಾತಿ. ಡೆಂಡ್ರೋಬಿಯಂ ನೊಬಿಲೆ ಎಂಬ ಆರ್ಕಿಡ್ಡಿಗೆ ಕಾಂಡ ಬಲಿತ ಮೇಲೂ ಸಾರಜನಕ ಕೊಡುತ್ತಿದ್ದರೆ, ಹೂ ಮೂಡಬೇಕಾದ ಗೆಣ್ಣಿನಲ್ಲಿ ಮರಿಸಸಿ ಮೂಡುತ್ತದೆ! ಆದುದರಿಂದ ಬಲ್ಲವರು ಆ ಹೊತ್ತಿಗೆ ಸಾರಜನಕವನ್ನು ನಿಲ್ಲಿಸುತ್ತಾರೆ. ನೀರನ್ನೂ ಹಿಡಿತಕ್ಕೆ ತರುತ್ತಾರೆ. ನಮ್ಮ ಘಟ್ಟದ ಕಾಡಿನ ಕೆಲವು ಡೆಂಡ್ರೋಬಿಯಂಗಳೂ ಬೇಸಗೆಯಲ್ಲಿ ಎಲೆಯುದುರಿಸಿ, ಬರಿಯ ಕಡ್ಡಿಯ ಮೇಲೆ ಹೂವನ್ನು ಹೊರುವುದನ್ನು ನೀವು ಕಂಡಿರಬಹುದು.

ವೆನಿಲ್ಲಾಕ್ಕೂ ಹೀಗೆಯೇ ಒಂದಿಷ್ಟು ಉಪವಾಸ ಬೇಕು. ಹೂವಿನ ಕಾಲಕ್ಕೆ ಆರರಿಂದ ಎಂಟು ವಾರ ಮೊದಲು ಬಳ್ಳಿಯ ಕುಡಿಯನ್ನು ಚಿವುಟಿ, ನೀರನ್ನು ಕಡಿಮೆ ಮಾಡಬೇಕು. ಆದರೆ ಚಳಿಗಾಲ ಕಳೆದು ಬಿಸಿಲೇರುವ ಆ ದಿನಗಳಲ್ಲಿಯೇ ಅಡಿಕೆಯ ಮರ ನೀರಿಗೆ ಬಾಯಿಬಿಡುತ್ತದೆ. ತೋಟಕ್ಕೆಲ್ಲ ಒಂದೇ ತುಂತುರು ನೀರು ಹಾರಿಸುವವರಿಗೆ ಇದು ಧರ್ಮಸಂಕಟ: ಅಡಿಕೆಯನ್ನು ಒಣಗಿಸುವುದೋ, ವೆನಿಲ್ಲಾದ ಹೂವನ್ನು ಬಿಡುವುದೋ? ಬಳ್ಳಿಯನ್ನು ಬೇರೆ ಆಸರೆ ಮರಕ್ಕೆ ಹಬ್ಬಿಸಿ, ಅಡಿಕೆಯ ಬುಡಕ್ಕೆ ಮಾತ್ರ ನೀರು ಮುಟ್ಟಿಸುವವರಿಗೆ ಈ ಕಷ್ಟ ಕಡಿಮೆ. ನನಗೆ ಕಾಣುವಂತೆ, ಗೊಬ್ಬರದ ಲೆಕ್ಕಕ್ಕಿಂತ ಇದು ಮೊದಲು ಯೋಚಿಸಬೇಕಾದ ವಿಷಯ.

ಇನ್ನು ಪ್ರಚೋದಕ ಔಷಧಗಳು. ಸುಂದರಿಯ ಪಾದ ತಾಗಿದರೆ ಅಶೋಕ ಅರಳುವುದೆಂಬ ದೋಹದದ ಕಲ್ಪನೆಯನ್ನು ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಓದಿದ್ದೇವೆ. ಇಂದಿನ ದೋಹದ ಬೆಂಜೈಲ್ ಅಡೆನಿನ್ ಎಂಬ ದ್ರಾವಣ. ಪೇಟೆಯ ಅಂಗಡಿಗಳಲ್ಲಿ ಕುಂಡದಲ್ಲಿ ಮಾರುವ ಫಲೆನಾಪ್ಸಿಸ್ ಆರ್ಕಿಡ್ಡಿಗೆ ಇದನ್ನು ಸಿಂಪಡಿಸಿದರೆ ಹೂಗೊನೆಗಳ ಸಂಖ್ಯೆ ಹೆಚ್ಚುತ್ತದೆ, ನಿಜ. ಆದರೆ ಆ ಗಿಡಕ್ಕೆ ಕೆಲವು ವಾರ 25 ಡಿಗ್ರಿಗಿಂತ ಕಡಿಮೆಯ ತಂಪು ದೊರೆಯಬೇಕು. ಸೆಕೆಯಲ್ಲಿಟ್ಟು ಔಷಧ ಹೊಡೆದರೆ ಹೂ ಬಾರದು. ಔಷಧವು ತಂಪಿಗೆ ಸಹಾಯಕವೇ ಹೊರತು ಬದಲಿಯಲ್ಲ, ಬೆಲೆಯೂ ಅಗ್ಗವಲ್ಲ.

ವೆನಿಲ್ಲಾ ಬೆಳೆಯುವವರಿಗೆ ಹೂ ಬಂದ ಮೇಲೂ ಬಿಡುವಿಲ್ಲ. ಒಂದೊಂದು ಹೂವೂ ಬೆಳಗ್ಗೆ ಅರಳಿ ಅಂದೇ ಬಾಡುತ್ತದೆ. ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹುಡುಗ ಎಡ್ಮಂಡ್ ಆಲ್ಬಿಯಸ್ 1841ರಲ್ಲಿ ತನ್ನ ಹನ್ನೆರಡರ ಪ್ರಾಯದಲ್ಲಿ ತೋರಿಸಿದಂತೆ, ಕಡ್ಡಿಯಿಂದ ಪರದೆಯನ್ನು ಎತ್ತಿ ಪರಾಗವನ್ನು ಒತ್ತಬೇಕು. ಈ ಕೆಲಸ ಮಧ್ಯಾಹ್ನದೊಳಗೆ ಮುಗಿಯಬೇಕು. ಆದುದರಿಂದ ಕುಡಿ ಚಿವುಟುವ ಮೊದಲೇ, ಆ ವಾರಗಳಲ್ಲಿ ಮನೆಯಲ್ಲಿ ಎಷ್ಟು ಕೈಗಳಿರುತ್ತವೆಂದು ಎಣಿಸಿಕೊಳ್ಳಿರಿ.