ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಬೀಳುವ ಪೆಟ್ಟು

ಮಳೆಗಾಲದ ಸಂಜೆ ಗಾಳಿ ಬೀಸುತ್ತಿರುವಾಗ ಮನೆಯ ದೀಪ ಒಂದು ಕ್ಷಣ ಕುಂದಿ, ಮತ್ತೆ ಮೊದಲಿನಂತೆ ಉರಿಯುವುದನ್ನು ನೀವೆಲ್ಲ ಕಂಡಿರುತ್ತೀರಿ. ಎಲ್ಲೋ ಕೊಂಬೆ ಮುರಿದು ತಂತಿಗಳ ಮೇಲೆ ಬಿದ್ದಿತು, ಷಾರ್ಟ್ ಸರ್ಕ್ಯೂಟ್ ಆಯಿತು, ಆ ಭಾಗ ತಾನಾಗಿ ಬೇರ್ಪಟ್ಟಿತು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ಕ್ಷಣದಲ್ಲಿ ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ, ಎಣ್ಣೆ ತುಂಬಿದ ತೊಟ್ಟಿಯೊಳಗೆ, ಟ್ರಾನ್ಸ್‌ಫಾರ್ಮರಿನ ತಾಮ್ರದ ಸುರುಳಿಗಳಿಗೆ ಸಣ್ಣದೋ ದೊಡ್ಡದೋ ಒಂದು ಪೆಟ್ಟು ಬಿದ್ದಿರುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಪೆಟ್ಟಿನ ವಿಚಾರ.

ವಿದ್ಯುತ್ತು ಹರಿಯುವ ತಂತಿಗಳು ಒಂದರ ಮೇಲೊಂದು ಬಲ ಬೀರುತ್ತವೆಂಬುದನ್ನು ಫ್ರಾನ್ಸಿನ ಆಂಪೇರ್ ೧೮೨೦ರಲ್ಲಿಯೇ ತೋರಿಸಿಕೊಟ್ಟರು. ಪ್ರವಾಹಗಳು ಒಂದೇ ದಿಕ್ಕಿನವಾದರೆ ಆಕರ್ಷಣೆ, ಎದುರುಬದುರಾದರೆ ವಿಕರ್ಷಣೆ. ಟ್ರಾನ್ಸ್‌ಫಾರ್ಮರಿನಲ್ಲಿ ಸಾಮಾನ್ಯವಾಗಿ ಕಬ್ಬಿಣದ ತಿರುಳನ್ನು ಸುತ್ತಿಕೊಂಡು ಕಡಿಮೆ ವೋಲ್ಟೇಜಿನ ಸುರುಳಿ, ಅದರ ಹೊರಗೆ ಹೆಚ್ಚು ವೋಲ್ಟೇಜಿನದು ಇರುತ್ತವೆ. ಅವುಗಳ ಪ್ರವಾಹಗಳು ಎದುರುಬದುರು. ಆದುದರಿಂದ ಹೊರಸುರುಳಿ ಹಿಗ್ಗಲೆಳಸುತ್ತದೆ, ಒಳಸುರುಳಿ ಕುಗ್ಗಲೆಳಸುತ್ತದೆ. ದಿನನಿತ್ಯದ ಪ್ರವಾಹದಲ್ಲಿ ಇದು ಗಾಬರಿಪಡುವಷ್ಟಿಲ್ಲ. ಆದರೆ ಈ ಬಲವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಪ್ರವಾಹ ೧೦ ಪಟ್ಟಾದರೆ ಬಲ ೧೦೦ ಪಟ್ಟು. ಪ್ರವಾಹಕ್ಕೆ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್, ಶೇಕಡಾ ೧೦ ಇರುವ ಟ್ರಾನ್ಸ್‌ಫಾರ್ಮರಿನ ಹೊಸ್ತಿಲಲ್ಲೇ ದೋಷ ಸಂಭವಿಸಿದರೆ ಪ್ರವಾಹ ಸುಮಾರು ೧೦ ಪಟ್ಟಾಗುತ್ತದೆ. ಅದರ ಮೊದಲ ಅಲೆ ಇನ್ನೂ ಎತ್ತರಕ್ಕೆ ಜಿಗಿಯುವುದರಿಂದ ಬಲ ೩೦೦ ಪಟ್ಟನ್ನೂ ದಾಟಬಹುದು.

ಕಾಯಲು ಸರ್ಕ್ಯೂಟ್ ಬ್ರೇಕರ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಮೊದಲ ಅಲೆಯ ಶಿಖರ ಬರುವುದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ. ರಿಲೇ ದೋಷವನ್ನು ಗುರುತಿಸಿ ಬ್ರೇಕರ್ ತೆರೆಯುವ ಹೊತ್ತಿಗೆ ಅಂಥ ಹಲವು ಅಲೆಗಳು ಕಳೆದಿರುತ್ತವೆ. ಬ್ರೇಕರ್ ಸುರುಳಿಯನ್ನು ಸುಟ್ಟುಹೋಗದಂತೆ ಉಳಿಸೀತು. ಮೊದಲ ಏಟನ್ನು ಸುರುಳಿ ತಾನೇ ತಾಳಿಕೊಳ್ಳಬೇಕು.

ಹೊರಸುರುಳಿಗೆ ಇದು ಅಷ್ಟು ಕಷ್ಟವಲ್ಲ. ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿಯಂತೆ ಅದು ಎಳೆತವನ್ನು ತಡೆಯುತ್ತದೆ. ಪಾಡು ಒಳಸುರುಳಿಯದು. ತೆಳುತಗಡಿನ ಡಬ್ಬಿಯನ್ನು ಸುತ್ತಲಿಂದ ಅದುಮಿದರೆ ಎಲ್ಲೋ ಒಂದೆಡೆ ನೆಗ್ಗುತ್ತದಷ್ಟೆ, ಹಾಗೆ ಅದೂ ನೆಗ್ಗುತ್ತದೆ. ಇದನ್ನು ತಪ್ಪಿಸಲು ಗಡಸು ತಾಮ್ರವನ್ನು ಬಳಸುತ್ತಾರೆ, ಎಪಾಕ್ಸಿ ಅಂಟಿನಿಂದ ಎಳೆಗಳನ್ನು ಬೆಸೆಯುತ್ತಾರೆ, ಒಳಗಡೆ ಒತ್ತೊತ್ತಾಗಿ ಆಧಾರಪಟ್ಟಿಗಳನ್ನು ಕೊಡುತ್ತಾರೆ.

ಇನ್ನೊಂದು ಬಲ ಮೇಲೆ ಕೆಳಗೆ ದುಡಿಯುತ್ತದೆ. ಎರಡು ಸುರುಳಿಗಳ ನಡುಮಟ್ಟ ಸರಿಯಾಗಿ ಹೊಂದಿಕೊಂಡಿದ್ದರೆ ಅದು ಎರಡನ್ನೂ ನಡುವಿನ ಕಡೆಗೆ ಒತ್ತುತ್ತದೆ. ಕೊಂಚ ಏರುಪೇರಾಯಿತೋ, ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ನುಗ್ಗುತ್ತವೆ. ಪೆಟ್ಟಿನಿಂದ ಏರುಪೇರು ಹೆಚ್ಚುತ್ತದೆ, ಹೆಚ್ಚಿದ ಏರುಪೇರು ಮುಂದಿನ ಪೆಟ್ಟನ್ನು ಹೆಚ್ಚಿಸುತ್ತದೆ. ಆದಕಾರಣ ಸುರುಳಿಗಳನ್ನು ಮೇಲಿನಿಂದ ಬಲವಾಗಿ ಬಿಗಿಯುತ್ತಾರೆ. ಇಲ್ಲಿಯೇ ಒಂದು ತೊಡಕು. ಸುತ್ತುಗಳ ನಡುವೆ ಇಡುವುದು ಮರದ ತಿರುಳಿನಿಂದ ಮಾಡಿದ ದಪ್ಪ ರಟ್ಟು. ತೇವ ಆರಿದರೆ ಅದು ಕುಗ್ಗುತ್ತದೆ. ಹಾಗಾಗಿ ಕಾರ್ಖಾನೆಯಲ್ಲಿ ಕಾಯಿಸಿ, ನಿರ್ವಾತದಲ್ಲಿ ಒಣಗಿಸಿ, ಅದುಮಿ, ಆಮೇಲೆ ಬಿಗಿಯುತ್ತಾರೆ. ಈ ಕೆಲಸದಲ್ಲಿ ಅವಸರ ಮಾಡಿದರೆ ಹತ್ತಾರು ವರ್ಷಗಳ ಮೇಲೆ ಬಿಗಿ ಸಡಿಲುತ್ತದೆ. ಅಷ್ಟರಲ್ಲಿ ತಂತಿಯ ಮೇಲಿನ ಕಾಗದವೂ ಪೆಡಸಾಗಿರುತ್ತದೆ. ಹೊಸತರಲ್ಲಿ ದೊಡ್ಡ ಏಟುಗಳನ್ನು ತಿಂದು ನಿಂತ ಯಂತ್ರ ಮುಪ್ಪಿನಲ್ಲಿ ಸಾಧಾರಣ ಏಟಿಗೆ ಬೀಳುವುದು ಹೀಗೆ.

ಬೆಂಗಳೂರಿನಲ್ಲಿ ೧೯೬೦ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಬೇಕೆಂದೇ ಷಾರ್ಟ್ ಸರ್ಕ್ಯೂಟ್ ಮಾಡಿ ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷಿಸುತ್ತಾರೆ. ಮೂರು ಫೇಸಿನದಾದರೆ ಫೇಸಿಗೆ ಮೂರರಂತೆ ಒಟ್ಟು ೯ ಏಟು. ಬಳಿಕ ರಿಯಾಕ್ಟೆನ್ಸನ್ನು ಅಳೆಯುತ್ತಾರೆ. ದುಂಡು ಸುರುಳಿಯ ಮಧ್ಯಮ ಗಾತ್ರದ ಯಂತ್ರದಲ್ಲಿ ಅದು ಶೇಕಡಾ ೨ಕ್ಕಿಂತ ಹೆಚ್ಚು ಬದಲಾಗಿದ್ದರೆ ಒಳಗೆ ಸುರುಳಿ ಕದಲಿದೆಯೆಂದೇ ಶಂಕೆ.

ಸಬ್‌ಸ್ಟೇಷನ್ನಿನಲ್ಲಿ ದುಡಿಯುತ್ತಿರುವ ಯಂತ್ರವನ್ನು ಬಿಚ್ಚಿ ನೋಡುವುದು ಸುಲಭವಲ್ಲ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುವುದಿಲ್ಲವೇ? ಹಾಗೆಯೇ ಯಂತ್ರವನ್ನು ಜಾಲದಿಂದ ಬಿಡಿಸಿ, ಸುರುಳಿಗೆ ಬೇರೆ ಬೇರೆ ಕಂಪನಾಂಕದ ಸಣ್ಣ ವೋಲ್ಟೇಜುಗಳನ್ನು ಕೊಟ್ಟು, ಅದು ಓಗೊಡುವ ಬಗೆಯನ್ನು ರೇಖೆಯಾಗಿ ಬರೆದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಮೊದಲು ತೆಗೆದ ರೇಖೆಯೊಡನೆ ಇದನ್ನು ಹೋಲಿಸಿದರೆ ಸುರುಳಿ ನೆಗ್ಗಿದೆಯೇ, ಜರುಗಿದೆಯೇ ಎಂಬ ಸುಳಿವು ಸಿಗುತ್ತದೆ. ಆ ಮೊದಲ ರೇಖೆ ದಫ್ತರಿನಲ್ಲಿ ಸಿಕ್ಕದಿದ್ದರೆ, ಅದೇ ಯಂತ್ರದ ಮೂರು ಫೇಸುಗಳನ್ನು ಒಂದರೊಡನೊಂದು ಹೋಲಿಸಿ ಊಹಿಸಬೇಕಾಗುತ್ತದೆ.