ಹಲವು ವಿಷಯ ಓದಿದ ಪದವೀಧರರ ಮುಂದಿರುವ ದಾರಿಗಳು

(ಲೋಕಾಪುರದಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ದಿನಮಾನಗಳಲ್ಲಿ ಪಾಲಕರು ಕೇಳುವ ಪ್ರಶ್ನೆ ಒಂದೇ. "ಇಂಜಿನಿಯರಿಂಗ್ ಓದಿದ್ರ ಇಂಜಿನಿಯರ್ ಆಗ್ತಾನ. ನರ್ಸಿಂಗ್ ಮಾಡಿದ್ರ ನರ್ಸ್ ಆಗ್ತಾಳ. ಬಿ.ಎ. ಮಾಡಿ ಏನ್ ಆಗ್ತಾರ್ರೀ?" ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ವರ್ಷದ ಫೀ, ಬಸ್ ಚಾರ್ಜು, ಮನೆಯಲ್ಲಿ ಒಬ್ಬರ ದುಡಿಮೆ ನಿಂತ ನಷ್ಟ, ಇವೆಲ್ಲ ಲೆಕ್ಕ ಹಾಕಿಯೇ ಅವರು ಕೇಳುತ್ತಾರೆ. ಅದಕ್ಕೆ ಸಮಾಧಾನದ ಮಾತು ಸಾಲದು, ಸರಿಯಾದ ಉತ್ತರ ಬೇಕು.

ಮೊದಲು ಪದವಿಯ ಸ್ವರೂಪ ನೋಡೋಣ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ನಮ್ಮ ರಾಜ್ಯದಲ್ಲಿ 2021-22ರಿಂದ ಪದವಿಯ ಪಠ್ಯಕ್ರಮ ಬದಲಾಯಿತು. ಮುಖ್ಯ ವಿಷಯಗಳ ಜೊತೆ ಬೇರೆ ವಿಭಾಗದ ಮುಕ್ತ ಆಯ್ಕೆಯ ವಿಷಯ, ಡಿಜಿಟಲ್ ಫ್ಲೂಯೆನ್ಸಿ, ಭಾರತದ ಸಂವಿಧಾನ, ಪರಿಸರ ಅಧ್ಯಯನ ಇತ್ಯಾದಿ ಬಂದವು. 2024ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿ ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಯನ್ನೇ ಮರಳಿ ತಂದಿತು. ಹೀಗಾಗಿ ನಡುವಿನ ಮೂರು ಬ್ಯಾಚಿನವರ ಅಂಕಪಟ್ಟಿ ಅಣ್ಣನದಕ್ಕೂ ಹೊಂದುವುದಿಲ್ಲ, ತಮ್ಮನದಕ್ಕೂ ಹೊಂದುವುದಿಲ್ಲ. ಸಂದರ್ಶನಕ್ಕೆ ಕುಳಿತವರು "ಇದೇನು, ಇತಿಹಾಸದವನಿಗೆ ಕಂಪ್ಯೂಟರ್ ಯಾಕೆ?" ಎಂದು ಕೇಳಿದರೆ ಉತ್ತರ ನಿಮ್ಮ ಬಾಯಿಂದಲೇ ಬರಬೇಕು. ಅಂಕಪಟ್ಟಿಯಲ್ಲಿ ಡಿಜಿಟಲ್ ಫ್ಲೂಯೆನ್ಸಿ ಎಂದಿದ್ದು, ಎಕ್ಸೆಲ್‌ನಲ್ಲಿ ಒಂದು ಕೂಡಿಕೆ ಮಾಡಲು ಬಾರದಿದ್ದರೆ ಆ ಅಂಕ ನಿಮಗೆ ಮುಜುಗರ ತರುವುದೇ ಹೊರತು ನೌಕರಿ ತರುವುದಿಲ್ಲ.

ಹಲವು ವಿಷಯ ಓದಿದ್ದರ ಉಪಯೋಗ ಏನು? ದೂರದ ಉದಾಹರಣೆ ಬೇಡ, ನಮ್ಮ ಹೊಲದ ಕಬ್ಬನ್ನೇ ತೆಗೆದುಕೊಳ್ಳಿ. ಮುಧೋಳ, ಜಮಖಂಡಿ, ಸಮೀರವಾಡಿ ಸುತ್ತ ಎಷ್ಟು ಸಕ್ಕರೆ ಕಾರ್ಖಾನೆಗಳಿವೆ ಎಂಬುದು ನಿಮಗೇ ಗೊತ್ತು. 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ಬೆಲೆಗಾಗಿ ನಡೆದ ಹೋರಾಟವನ್ನೂ ಕಂಡಿದ್ದೀರಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಎಫ್.ಆರ್.ಪಿ. ಕ್ವಿಂಟಲ್‌ಗೆ 355 ರೂಪಾಯಿ. ಇದು ಸಕ್ಕರೆ ಇಳುವರಿ ಶೇ. 10.25 ಇದ್ದರೆ ಮಾತ್ರ. ಇಳುವರಿ 0.1 ಹೆಚ್ಚಾದಂತೆ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತದೆ. ಅಂದರೆ ಶೇ. 11.25 ಇಳುವರಿ ಇರುವ ಕಾರ್ಖಾನೆಯಲ್ಲಿ ಕ್ವಿಂಟಲ್‌ಗೆ 389 ರೂಪಾಯಿ 60 ಪೈಸೆ, ಟನ್ನಿಗೆ 3,896 ರೂಪಾಯಿ. ಇದರಲ್ಲಿ ಕಟಾವು ಮತ್ತು ಸಾಗಾಣಿಕೆ ಖರ್ಚು ಕಳೆಯುತ್ತಾರೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ.

ಈಗ ಯೋಚಿಸಿರಿ. ಇಳುವರಿ ಎಂದರೇನು ಎಂಬುದು ರಸಾಯನಶಾಸ್ತ್ರ. ಬೆಲೆ ಯಾಕೆ ಹೀಗೆ ಎಂಬುದು ಅರ್ಥಶಾಸ್ತ್ರ. 14 ದಿನದ ಮಾತು ಕಾನೂನು. ಹೊಲದ ಅಳತೆಯನ್ನು ಜಿಪಿಎಸ್‌ನಲ್ಲಿ ಹಿಡಿಯುವುದು ಭೂಗೋಳ. ಇದನ್ನೆಲ್ಲ ಒಬ್ಬ ರೈತನಿಗೆ ಅವನ ಮಾತಿನಲ್ಲಿ ತಿಳಿಸಿ, ಅವನ ಬಿಲ್ಲಿನ ಲೆಕ್ಕ ತಾಳೆ ನೋಡಿ, ಒಂದು ಅರ್ಜಿ ಬರೆದುಕೊಡುವುದು ಭಾಷೆ. ಕಾರ್ಖಾನೆಯ ಕಬ್ಬು ವಿಭಾಗಕ್ಕೂ ಇಂಥವರು ಬೇಕು, ರೈತ ಉತ್ಪಾದಕ ಕಂಪನಿಗೂ ಬೇಕು, ಸಾಲ ಕೊಡುವ ಬ್ಯಾಂಕಿಗೂ ಬೇಕು. ಒಂದೇ ವಿಷಯ ಆಳವಾಗಿ ಬಲ್ಲವರು ಅಲ್ಲಿ ಈಗಾಗಲೇ ಇದ್ದಾರೆ. ಅವರ ಮಾತನ್ನು ಜನರಿಗೆ, ಜನರ ಮಾತನ್ನು ಅವರಿಗೆ ತಲುಪಿಸುವವರ ಕೊರತೆ ಇದೆ. ನಿಮ್ಮ ಅಪ್ಪನ ಅಥವಾ ನೆರೆಯವರ ಕಬ್ಬಿನ ಬಿಲ್ಲು ತೆಗೆದುಕೊಂಡು ಈ ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಯಾವ ಕೌಶಲ ನಿಮ್ಮಲ್ಲಿದೆ, ಯಾವುದಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇದೇ ರೀತಿ ಮುದ್ದಾಪುರದ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯಕ್ಕೆ ಬಿ.ಎಸ್‌ಸಿ. ರಸಾಯನಶಾಸ್ತ್ರದವರು ಪ್ರಯತ್ನಿಸಬಹುದು. ರಬಕವಿ-ಬನಹಟ್ಟಿಯ ನೇಕಾರರ ಸೀರೆಯನ್ನು ಆನ್‌ಲೈನಿನಲ್ಲಿ ಮಾರಲು ಫೋಟೋ, ವಿವರಣೆ, ಜಿಎಸ್‌ಟಿ ಬಿಲ್ಲು ಎಲ್ಲವೂ ಬೇಕು. ಅಪ್ರೆಂಟಿಸ್ ತರಬೇತಿ ಐಟಿಐ, ಇಂಜಿನಿಯರಿಂಗ್‌ನವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇನ್ನೂ ಇದೆ. 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ. ಆದವರೂ ಕಂಪನಿಗಳಲ್ಲಿ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ಆಗಬಹುದು. ಅನುಭವ ಇಲ್ಲ ಎಂದು ವಾಪಸು ಕಳಿಸುವ ಕಡೆ ಆ ಒಂದು ವರ್ಷದ ಪ್ರಮಾಣಪತ್ರ ಕೆಲಸಕ್ಕೆ ಬರುತ್ತದೆ.

ಸರಕಾರಿ ನೌಕರಿಯ ಮಾತು. ಗ್ರಾಮೀಣ ಬ್ಯಾಂಕ್, ಪಿಡಿಒ, ಎಫ್‌ಡಿಎ, ಇವುಗಳಿಗೆ ಯಾವುದೇ ಪದವಿ ಸಾಕು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು 2019ರಿಂದ ಅವಕಾಶವಿದೆ. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ, ಹಳೆಯ ಹೆಸರಿನಲ್ಲಿ ಜಾಹೀರಾತು ಹುಡುಕಬೇಡಿರಿ. ಪೂರ್ವಭಾವಿ ಪರೀಕ್ಷೆಯಲ್ಲಿ ಕೇಳುವುದು ತಾರ್ಕಿಕ ಪ್ರಶ್ನೆ ಮತ್ತು ಗಣಿತ. ಹತ್ತನೆಯ ತರಗತಿಯ ನಂತರ ಗಣಿತ ಮುಟ್ಟದ ಕಲಾ ವಿಭಾಗದವರು ಇಲ್ಲಿಯೇ ಸೋಲುತ್ತಾರೆ. ಶೇಕಡಾ, ಅನುಪಾತ, ಸರಾಸರಿ, ಬಡ್ಡಿ, ಇಷ್ಟನ್ನು ದಿನಕ್ಕೆ ಒಂದು ತಾಸು ಕುಳಿತು ಮಾಡಿರಿ. ಇದಕ್ಕೆ ಧಾರವಾಡದ ಕೋಚಿಂಗ್ ಬೇಕೇ ಬೇಕು ಎಂದು ನನಗನಿಸುವುದಿಲ್ಲ, ಮೊದಲ ಆರು ತಿಂಗಳಂತೂ ಬೇಡ.

ಶಿಕ್ಷಕರಾಗಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಅಲ್ಲಿ "ಯಾವುದೇ ಪದವಿ" ನಡೆಯುವುದಿಲ್ಲ. ಪದವಿಯಲ್ಲಿ ಓದಿದ ವಿಷಯಗಳ ಜೋಡಣೆ ನೇಮಕಾತಿ ನಿಯಮಕ್ಕೆ ಹೊಂದಬೇಕು. ಗೆಳೆಯ ತೆಗೆದುಕೊಂಡ ಎಂದು ವಿಷಯ ತೆಗೆದುಕೊಂಡವರಿಗೆ ಬಿ.ಎಡ್. ಮುಗಿದ ಮೇಲೆ ಇದು ಗೊತ್ತಾಗುತ್ತದೆ. ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಮೊದಲನೆಯ ವರ್ಷದಲ್ಲಿಯೇ ಓದಿರಿ. ನಾಲ್ಕನೆಯ ವರ್ಷ ಆನರ್ಸ್ ಮಾಡಿದವರಿಗೆ ಬೇರೊಂದು ಲಾಭವಿದೆ: ಯುಜಿಸಿಯ 2022ರ ನಿಯಮದಂತೆ ಶೇ. 75 ಅಂಕವಿದ್ದರೆ ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು.

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳು ತಮ್ಮನ್ನು ತಾವೇ ಕಡಿಮೆ ಅಂದುಕೊಂಡಿದ್ದಾರೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಟಿ.ವಿ.ಯಲ್ಲಿ ಹಿಂದಿ, ಸಂತೆಯಲ್ಲಿ ಒಂದಿಷ್ಟು ಮರಾಠಿ. ಆಸ್ಪತ್ರೆಯ ಸ್ವಾಗತ ಕೌಂಟರ್, ವಿಮೆ, ಬ್ಯಾಂಕು, ಗ್ರಾಹಕ ಸೇವೆ ಇಲ್ಲೆಲ್ಲ ಇದಕ್ಕೆ ಬೆಲೆಯಿದೆ. ಆದರೆ ಮಾತನಾಡಲು ಬರುವುದು ಬೇರೆ, ಬರೆಯಲು ಬರುವುದು ಬೇರೆ. ಕೆಪಿಎಸ್‌ಸಿ ಹುದ್ದೆಗಳಿಗೆ ಕಡ್ಡಾಯ ಕನ್ನಡ ಪರೀಕ್ಷೆ ಪಾಸಾಗಲೇಬೇಕು, ಉರ್ದು ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ದಿನವೂ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಐದು ಸಾಲಿನಲ್ಲಿ ಬರೆಯಿರಿ, ಒಂದು ಕಚೇರಿ ಪತ್ರ ಬರೆಯಿರಿ, ಅದನ್ನೇ ನುಡಿಯಲ್ಲಿ ಟೈಪ್ ಮಾಡಿರಿ. ಬರೀ ಟೈಪಿಂಗ್ ಮತ್ತು ಡೇಟಾ ಎಂಟ್ರಿ ನಂಬಿ ಕುಳಿತುಕೊಳ್ಳಬೇಡಿರಿ, ಆ ಕೆಲಸವನ್ನು ಈಗ ಯಂತ್ರವೇ ಮಾಡತೊಡಗಿದೆ. ಯಂತ್ರ ಬರೆದುಕೊಟ್ಟ ಪತ್ರದಲ್ಲಿ ತಪ್ಪು ಎಲ್ಲಿದೆ ಎಂದು ಹಿಡಿಯುವವರು ಬೇಕಾಗುತ್ತಾರೆ.

ಪಾಲಕರಲ್ಲಿ ಒಂದು ಮಾತು. ಪಿಯುಸಿಯಲ್ಲಿ ಚೆನ್ನಾಗಿ ಪಾಸಾದ ಹೆಣ್ಣುಮಕ್ಕಳು ಪದವಿಗೆ ಬಂದು, ಪದವಿ ಮುಗಿದೊಡನೆ ಮನೆಯಲ್ಲಿ ಕೂರುತ್ತಾರೆ. ಪರೀಕ್ಷೆಯ ಕೇಂದ್ರ ಬಾಗಲಕೋಟೆ, ವಿಜಯಪುರ ಎಂದ ಕೂಡಲೇ "ಯಾರು ಕರಕೊಂಡು ಹೋಗೋರು" ಎಂದು ಹಾಲ್ ಟಿಕೆಟ್ ಹಾಗೆಯೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಗಳ ಬಸ್ ಖರ್ಚಿನ ಮಾತು ಮುಗಿದಿದೆ. ಉಳಿದಿರುವುದು ನಿಮ್ಮ ಒಂದು ದಿನದ ಕೂಲಿ ಅಥವಾ ಅಂಗಡಿಯ ಒಂದು ದಿನದ ವ್ಯಾಪಾರ. ಇಬ್ಬರು ಮೂವರು ಹುಡುಗಿಯರು ಕೂಡಿ ಅರ್ಜಿ ಹಾಕಿದರೆ ಒಬ್ಬ ಪಾಲಕರು ಜೊತೆಗೆ ಹೋದರೂ ಸಾಕು. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಯುವನಿಧಿಯ 3,000 ರೂಪಾಯಿ ಎರಡು ವರ್ಷದವರೆಗೆ ಬರುತ್ತದೆ. ಆ ಹಣವನ್ನು ಪುಸ್ತಕಕ್ಕೆ, ಅರ್ಜಿ ಶುಲ್ಕಕ್ಕೆ ಬಿಡಿರಿ. ಮನೆಯ ರೇಷನ್ನಿನಲ್ಲಿ ಅದು ಕರಗಬಾರದು.

ಕೊನೆಯದಾಗಿ ಕಾಗದಪತ್ರಗಳ ವಿಷಯ. ಸಣ್ಣದೆನಿಸುತ್ತದೆ, ಆದರೆ ಆಯ್ಕೆಪಟ್ಟಿಯಲ್ಲಿ ಹೆಸರು ಬಂದವರೂ ಇಲ್ಲಿ ಪರದಾಡುತ್ತಾರೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಇನ್ನು ಹೆಸರು. ನಮ್ಮ ಮನೆಗಳಲ್ಲಿ ಒಬ್ಬನೇ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ನದಾಫ, ಆಧಾರ್‌ನಲ್ಲಿ ನದಾಫ್, ಬ್ಯಾಂಕಿನಲ್ಲಿ ಬರೀ ಅಪ್ಪನ ಹೆಸರು. ಬಾಗವಾನ, ಮುಲ್ಲಾ, ಅತ್ತಾರ ಎಲ್ಲರದೂ ಇದೇ ಕಥೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಒಂದೊಂದು ಕಡೆ ಒಂದೊಂದು ತರಹ. ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿ ನೋಡುತ್ತಾರೆ. ಆದ್ದರಿಂದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಅದಕ್ಕೆ ಅಕ್ಷರ ಅಕ್ಷರ ಹೊಂದುವಂತೆ ತಿದ್ದಿಸಿಕೊಳ್ಳಿರಿ. ಕೊನೆಯ ಸೆಮಿಸ್ಟರ್ ಬರುವ ಮೊದಲೇ ಆ ಕೆಲಸ ಮುಗಿದಿರಲಿ.