ಮೈಕ್ ಮುಂದೆ ಬಾಯಿ ಒಣಗಿದವನು

ನಾನು ಬ್ಯಾಂಕಿನಲ್ಲಿ ಕ್ಲರ್ಕ್. ಕೌಂಟರ್ ಒಳಗಡೆ ಕೂತು ಮಾತಾಡಿ ಅಭ್ಯಾಸ, ವೇದಿಕೆ ಮೇಲೆ ಅಲ್ಲ. ಮೈಕ್ ಹಿಡಿದರೆ ಕೈ ನಡುಗುತ್ತೆ. ಅದಕ್ಕೇ ಇವತ್ತು, ಮೊದಲ ದಿನ ಮೈಕ್ ಮುಂದೆ ಮಾತೇ ಹೊರಡದ ಒಬ್ಬ ರೇಡಿಯೊ ನಿರೂಪಕರ ಕಥೆ ಹೇಳ್ತೀನಿ. ಅಮೆರಿಕದ ಲ್ಯಾರಿ ಕಿಂಗ್.

ಹುಟ್ಟಿದ್ದು 1933ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳು. ಹುಡುಗನಿಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಮನೆ ನಡೆದದ್ದು ಸರ್ಕಾರಿ ನೆರವಿನಲ್ಲಿ. ಮೊದಲ ಕನ್ನಡಕ ಕೂಡ ಆ ನೆರವಿನ ದುಡ್ಡಿನದೇ ಅಂತ ಅವರೇ ಹೇಳಿಕೊಂಡಿದ್ದಾರೆ. ಓದು ಹಿಂದೆ ಬಿತ್ತು, ಕಾಲೇಜು ಮೆಟ್ಟಿಲು ಹತ್ತಲಿಲ್ಲ. ರೇಡಿಯೊ ಆಸೆ ಮಾತ್ರ ಬಿಡಲಿಲ್ಲ.

ಯಾರೋ ಹೇಳಿದರು ಅಂತ ಮಯಾಮಿಗೆ ಹೋದರು. ಅಲ್ಲೊಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಕಸ ಗುಡಿಸುವುದು, ಹೇಳಿದ ಕೆಲಸ ಮಾಡುವುದು. ಒಬ್ಬ ನಿರೂಪಕ ಕೆಲಸ ಬಿಟ್ಟಾಗ ಇವರಿಗೆ ಅವಕಾಶ ಸಿಕ್ಕಿತು. 1957ರ ಮೇ 1, ಬೆಳಿಗ್ಗೆ ಒಂಬತ್ತು ಗಂಟೆ. ಅವರ ನಿಜವಾದ ಹೆಸರು ಲಾರೆನ್ಸ್ ಝೈಗರ್. ಅದು ಜನರ ನೆನಪಲ್ಲಿ ಉಳಿಯಲ್ಲ ಅಂತ ಮ್ಯಾನೇಜರ್, ಕಾರ್ಯಕ್ರಮ ಶುರುವಾಗೋಕೆ ಸ್ವಲ್ಪ ಮುಂಚೆ, ಪತ್ರಿಕೆಯ ಜಾಹೀರಾತೊಂದನ್ನು ನೋಡಿ ‘ಕಿಂಗ್’ ಅಂತ ಇಟ್ಟುಬಿಟ್ಟರು. ಮನೆಯಲ್ಲಿ ಒಂದು ಹೆಸರು, ರಿಜಿಸ್ಟರಿನಲ್ಲಿ ಇನ್ನೊಂದು ಥರ ಆಗೋದು ಗಡಿಯಲ್ಲಿ ಬೆಳೆದ ನಮಗೇನು ಹೊಸದಲ್ಲ.

ಹಾಡು ಹಾಕಿದರು, ಸದ್ದು ತಗ್ಗಿಸಿದರು, ಮಾತು ಬರಲಿಲ್ಲ. ಮತ್ತೆ ಸದ್ದು ಏರಿಸಿದರು. ಹೀಗೇ ಎರಡು ಮೂರು ಸಲ. ಮ್ಯಾನೇಜರ್ ಬಾಗಿಲು ಒದ್ದು ಒಳಗೆ ಬಂದು, ಇದು ಮಾತಿನ ಕಸುಬು ಕಣಯ್ಯಾ, ಮಾತಾಡು ಅಂತ ಗದರಿಸಿದರು. ಆಗ ಅವರು ಕೇಳುಗರಿಗೆ ಇದ್ದದ್ದನ್ನೇ ಹೇಳಿದರು: ಇದು ನನ್ನ ಮೊದಲ ದಿನ, ಈ ಹೆಸರೂ ಈಗಷ್ಟೇ ಕೊಟ್ಟದ್ದು, ಬಾಯಿ ಒಣಗಿಹೋಗಿದೆ ಅಂತ. ಹೆಸರು ಬದಲಾದದ್ದು ನನಗೆ ಇಷ್ಟವಾಗೋ ಭಾಗ ಅಲ್ಲ. ಆದರೆ ಅದನ್ನೂ ಮುಚ್ಚಿಡಲಿಲ್ಲವಲ್ಲ, ಅದು ಇಷ್ಟ.

ಮುಂದಿನ ವರ್ಷ ಒಂದು ಹೋಟೆಲಿನಲ್ಲಿ ಕೂತು, ಬಂದವರ ಜೊತೆ ನೇರ ಸಂದರ್ಶನ. ಮೊದಲ ಅತಿಥಿ ಅಲ್ಲಿನ ಒಬ್ಬ ಸಪ್ಲೈಯರ್. ಎಲ್ಲಾ ತಿಳಿದವನ ಹಾಗೆ ನಟಿಸದೆ ಸಣ್ಣ ಪ್ರಶ್ನೆ ಕೇಳೋದು, ಉತ್ತರ ಪೂರ್ತಿ ಕೇಳಿಸಿಕೊಳ್ಳೋದು, ಅಲ್ಲಿಂದಲೇ ಅವರ ರೀತಿ ಆಯಿತು.

ಬದುಕು ನೇರವಾಗಿ ಏರಲಿಲ್ಲ. ದುಡ್ಡಿನ ಶಿಸ್ತು ಇರಲಿಲ್ಲ, ಸಾಲ, ಜೂಜು. 1971ರಲ್ಲಿ ಹಣದ ಆರೋಪದ ಮೇಲೆ ಬಂಧನವಾಯಿತು. ಕಾಲಮಿತಿ ಮೀರಿದ್ದರಿಂದ ಕಳವಿನ ಕೇಸು ಬಿದ್ದುಹೋಯಿತು, ಆದರೆ ಕೆಲಸ ಹೋಯಿತು. ಕೆಲವು ವರ್ಷ ರೇಡಿಯೊದಿಂದಲೇ ದೂರ. 1978ರಲ್ಲಿ ದಿವಾಳಿ ಅರ್ಜಿ ಹಾಕಿದರು. ಅದೇ ವರ್ಷದ ಜನವರಿಯಲ್ಲಿ ಮ್ಯೂಚುಯಲ್ ರೇಡಿಯೊ ಜಾಲದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಅವರ ಕಾರ್ಯಕ್ರಮ ಶುರುವಾಗಿತ್ತು. ಇಪ್ಪತ್ತೆಂಟು ಕೇಂದ್ರಗಳಿಂದ ಹೊರಟು ನೂರಾರು ಕೇಂದ್ರಗಳಿಗೆ ಹಬ್ಬಿತು. ನಿದ್ದೆ ಬಾರದವರು, ರಾತ್ರಿ ಪಾಳಿಯವರು ಫೋನ್ ಮಾಡಿ ಮಾತಾಡ್ತಿದ್ದರು. 1985ರಿಂದ 2010ರವರೆಗೆ ಸಿಎನ್‌ಎನ್ ಟಿವಿಯಲ್ಲೂ ಇಪ್ಪತ್ತೈದು ವರ್ಷ. ತೀರಿಕೊಂಡದ್ದು 2021ರಲ್ಲಿ.

ಇದನ್ನೆಲ್ಲಾ ನಿಮಗೆ ಯಾಕೆ ಹೇಳಿದೆ ಅಂದರೆ, ದಿನಾ ಕೌಂಟರಿನಲ್ಲಿ ನೋಡ್ತೀನಿ. ನಿಮ್ಮ ವಯಸ್ಸಿನವರು ಶಿಕ್ಷಣ ಸಾಲಕ್ಕೆ ಬರ್ತಾರೆ. ಫಾರಂ ಇರೋದು ಮನೆಯಲ್ಲಿ ಆಡದ ಭಾಷೆಯಲ್ಲಿ. ಅರ್ಥವಾಗದಿದ್ದರೂ ತಲೆಯಾಡಿಸಿ ಸಹಿ ಹಾಕ್ತಾರೆ. ಕೇಳಿದರೆ ದಡ್ಡ ಅಂದುಕೊಳ್ಳಬಹುದು ಅನ್ನೋ ಭಯ. ನಾನೂ ಹಾಗೆ ಸಹಿ ಹಾಕಿದವನೇ. ಓದುವಾಗ ಕಂತು ಇಲ್ಲದಿದ್ದರೂ ಬಡ್ಡಿ ಬೆಳೀತಿರುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಒಂದು ಪ್ರಶ್ನೆ ಕೇಳಿದ್ದರೆ ಅವತ್ತೇ ತಿಳೀತಿತ್ತು.

ಮುಂದಿನ ಸಲ ಬ್ಯಾಂಕಿಗೋ ಸಂದರ್ಶನಕ್ಕೋ ಹೋದಾಗ, ‘ಇದು ನನಗೆ ಮೊದಲ ಸಲ, ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ’ ಅನ್ನಿ. ಕೌಂಟರಿನ ಈಚೆ ಕೂತವನಾಗಿ ಹೇಳ್ತೀನಿ, ಹಾಗೆ ಕೇಳಿದವರನ್ನು ನಾವು ದಡ್ಡರು ಅಂದುಕೊಳ್ಳಲ್ಲ, ಪೆನ್ನು ಕೆಳಗಿಟ್ಟು ಹೇಳಿಕೊಡ್ತೀವಿ.